ಸೇಫ್ಟಿ ಟ್ರೈನಿಂಗ್‌ಗೂ ಮುಂಚೆ ಕೆಲಸಗಾರರನ್ನು ಕೇಳಿ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕಡೆ ಕಾರ್ಖಾನೆಗಳಲ್ಲಿ ಸೂಪರ್‌ವೈಸರ್, ಎಚ್‌ಆರ್ ಆಗಿರುವವರಿಗೆ ಒಂದು ಸಲಹೆ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ ಒಂದೇ ಸ್ಲೈಡ್ ತೋರಿಸಿದರೆ ಸಾಲದು. ಮೊದಲು ಲೈನಿಗೆ ಹೋಗಿ ಕೇಳಿ: "ಈ ಕೆಲಸದಲ್ಲಿ ಯಾವಾಗ ಭಯ ಆಗುತ್ತೆ? ಸ್ವಲ್ಪದರಲ್ಲಿ ಏಟು ತಪ್ಪಿದ್ದು ಯಾವಾಗ?"

ಗ್ಲೌಸ್ ವಿಷಯವನ್ನೇ ನೋಡಿ. ಚೂಪು ಅಂಚಿನ ತಗಡು ಎತ್ತುವವರಿಗೆ ಅದು ಬೇಕೇ ಬೇಕು. ಅದೇ ಡ್ರಿಲ್ಲಿಂಗ್ ಮೆಷಿನ್ ಮುಂದೆ ನಿಂತವರು ಹಾಕಿಕೊಂಡರೆ, ತಿರುಗುವ ಬಿಟ್‌ಗೆ ಬಟ್ಟೆ ಸಿಕ್ಕಿ ಕೈಯನ್ನೇ ಒಳಗೆ ಎಳೆಯುತ್ತದೆ. ಹಾಗಿರುವಾಗ "ಎಲ್ಲರೂ ಗ್ಲೌಸ್ ಹಾಕಿ" ಅಂತ ಸುಮ್ನೆ ಹೇಳಿದರೆ ಅಪಾಯವೇ ಜಾಸ್ತಿ, ಅಲ್ವಾ?

ಮೆಂಟೆನೆನ್ಸ್‌ನವರಿಗೆ ಬೇರೆ ಪಾಠ. ಮೇನ್ ಸ್ವಿಚ್ ಆಫ್ ಮಾಡಿ, ಬೇರೆ ಯಾರೂ ಆನ್ ಮಾಡದಂತೆ ಅದಕ್ಕೆ ತಮ್ಮದೇ ಬೀಗ ಹಾಕಿ, ಕೀ ಜೇಬಿನಲ್ಲಿಟ್ಟುಕೊಂಡು ಆಮೇಲೆ ಮೆಷಿನ್‌ಗೆ ಕೈ ಹಾಕುವುದನ್ನು ಅವರ ಮೆಷಿನ್ ಹತ್ತಿರವೇ ಮಾಡಿಸಿ.

ನಮ್ಮ ಕೋಲಾರದಲ್ಲಿ ತೆಲುಗು ಮನೆಮಾತಿನವರು ಬಹಳ, ಹಿಂದಿಯವರೂ ಇದ್ದಾರೆ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಅದರ ಬದಲು ಮಾಡಿ ತೋರಿಸಲು ಹೇಳಿ. ನೈಟ್ ಶಿಫ್ಟ್‌ನವರಿಗೆ ಡ್ಯೂಟಿ ಸಮಯದಲ್ಲೇ ಕಲಿಸಿ. ರಾತ್ರಿಯೆಲ್ಲಾ ದುಡಿದವರನ್ನು ಬೆಳಿಗ್ಗೆ ಕೂರಿಸಿದರೆ ಏನೂ ತಲೆಗೆ ಹೋಗುವುದಿಲ್ಲ.