ಅರಬೈಲ್ ಘಾಟ್ ಇಳಿಯುವ ಮೊದಲೇ ವಾಂತಿಯ ಬಂದೋಬಸ್ತ್

ಹುಬ್ಬಳ್ಳಿಯಿಂದ ಅಂಕೋಲಾ, ಗೋಕರ್ಣದ ಕಡೆ ಟಿಟಿ (ಟೆಂಪೊ ಟ್ರಾವೆಲರ್) ಓಡಿಸುವ ನಾನು ವಾಂತಿಯ ಕಾಳಜಿಯನ್ನು ಘಾಟಿಗೆ ಬಿಡುವುದಿಲ್ಲ, ಮಂದಿ ಗಾಡಿ ಹತ್ತುವಾಗಲೇ ಶುರು ಮಾಡುತ್ತೇನೆ. ಕಲಘಟಗಿ ದಾಟಿ ಯಲ್ಲಾಪುರಕ್ಕೆ ಸುಮಾರು 70 ಕಿ.ಮೀ. ಅಲ್ಲಿಯ ತನಕ ಎಲ್ಲರೂ ಆರಾಮ, ಅದರಾಚೆ ಅರಬೈಲ್ ಘಾಟಿನ ತಿರುವುಗಳು. ಯಲ್ಲಾಪುರದಲ್ಲಿ ಚಹಾ ಕುಡಿದು ವಾಂತಿ ತಡೆಯುವ ಗುಳಿಗೆ ನುಂಗುವವರೇ ಬಹಳ; ಅದು ತಡವಾಯಿತು. ಹೊಟ್ಟೆ ತೊಳಸತೊಡಗಿದರೆ ಜಠರ ಒಳಗಿನದನ್ನು ಕೆಳಗೆ ಸಾಗಿಸುವುದೇ ನಿಧಾನವಾಗುತ್ತದೆ, ಗುಳಿಗೆ ರಕ್ತಕ್ಕೆ ಸೇರುವ ಬದಲು ವಾಂತಿಯೊಂದಿಗೆ ಹೊರಗೆ ಬರುತ್ತದೆ.

ಅವೊಮಿನ್ 25 ಮಿ.ಗ್ರಾಂ. ಗುಳಿಗೆಯನ್ನು ಹೊರಡುವ ಒಂದೆರಡು ತಾಸು ಮೊದಲು ತಗೋಬೇಕು. ನಿದ್ದೆ ಬರುತ್ತದೆ, ಹಾಗಾಗಿ ಗಾಡಿ ಓಡಿಸುವವರು ಮುಟ್ಟಬಾರದು, ಸೆರೆ ಕುಡಿಯುವವರೂ ಮುಟ್ಟಬಾರದು. ಎರಡು ವರ್ಷದೊಳಗಿನ ಕೂಸಿಗೆ ಕೊಡಲೇಬಾರದು, ಉಸಿರಾಟಕ್ಕೆ ಅಪಾಯ. ದೊಡ್ಡ ಮಕ್ಕಳ ಪ್ರಮಾಣ, ಬಸುರಿಯರು, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದವರ ವಿಚಾರ ಡಾಕ್ಟರ್ ಹೇಳಿದಂತೆ. ಮನೆಯಲ್ಲಿ ಉಳಿದ ಒಂಡಾನ್ಸೆಟ್ರಾನ್ ತರುವವರಿದ್ದಾರೆ. ಹೊಟ್ಟೆ ಕೆಟ್ಟು ಆಗುವ ವಾಂತಿಗೆ ಅದು ಒಳ್ಳೆಯದು, ತಿರುವಿನ ವಾಂತಿಗೆ ಅಷ್ಟು ಹಿಡಿಯುವುದಿಲ್ಲ.

ಸೀಟಿನ ವಿಷಯಕ್ಕೆ ದಿನಾ ಜಗಳ. "ಅಣ್ಣಾರ, ನಮ್ಮ ಹುಡುಗಗ ಕಿಡಕಿ ಬಾಜೂ ಕೊಡ್ರಿ, ವಾಂತಿ ಮಾಡ್ಕೋತಾನ" ಅನ್ನುತ್ತಾರೆ. ಕಿಟಕಿ ವಾಂತಿ ಮಾಡುವುದಕ್ಕೆ ಅನುಕೂಲ, ತಡೆಯುವುದಕ್ಕಲ್ಲ. ಮೈಯ ಅಲುಗಾಟ ಅರಿಯುವ ಒಳಗಿವಿ 'ಹೊರಳುತ್ತಿದ್ದೇವೆ' ಅಂದಾಗ ಕಣ್ಣು ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತ 'ಕದಲಿಲ್ಲ' ಅಂದರೆ ತಲೆ ಕೆಡುತ್ತದೆ. ಬದಿಯ ಕಿಟಕಿಯಲ್ಲಿ ಹತ್ತಿರದ ಮರಗಳು ಸರ್ರನೆ ಓಡುವುದೂ ಒಳ್ಳೆಯದಲ್ಲ. ಡ್ರೈವರ್ ಹಿಂದಿನ ಸಾಲಿನಲ್ಲಿ, ಮುಂದಿನ ಗಾಜಿನಿಂದ ರಸ್ತೆ ಕಾಣುವ ಜಾಗ ಉತ್ತಮ. ತಿರುವು ಬರುವುದು ಮೊದಲೇ ಕಂಡರೆ ಮೈ ಸಜ್ಜಾಗುತ್ತದೆ. ಡ್ರೈವರಿಗೆ ವಾಂತಿ ಬಾರದಿರುವುದೂ ಅದಕ್ಕೇ. ಕೊನೆಯ ಸಾಲು ಹಿಂದಿನ ಗಾಲಿಗಿಂತ ಆಚೆ ಇರುವುದರಿಂದ ಎತ್ತಿ ಎತ್ತಿ ಹಾಕುತ್ತದೆ, ಅಲ್ಲಿ ಗಟ್ಟಿ ಹೊಟ್ಟೆಯವರು ಕೂರಲಿ. ಸರಕಾರಿ ಬಸ್ಸಿನಲ್ಲಾದರೆ ಮುಂಭಾಗದ ಮೂರು-ನಾಲ್ಕನೇ ಸಾಲು.

ಖಾಲಿ ಹೊಟ್ಟೆಯೂ ಬೇಡ, ಪೂರಿ-ಸಾಗು, ಮಿರ್ಚಿಭಜಿಯೂ ಬೇಡ. ಎರಡು ಇಡ್ಲಿ, ಇಲ್ಲವೇ ಒಣ ಚುರುಮುರಿ ಸಾಕು. ಲಿಂಬೆ ಮೂಸಿದರೆ ಡೀಸೆಲ್ ವಾಸನೆ ಮರೆಯಾಗುತ್ತದೆ, ಅದಕ್ಕಿಂತ ಹೆಚ್ಚಿನ ಮಹಿಮೆ ಅದಕ್ಕಿಲ್ಲ. ಊದಿನಕಡ್ಡಿಯನ್ನು ನಾನು ಹೊರಡುವ ಮೊದಲೇ ಬೆಳಗಿ ಆರಿಸಿಬಿಡುತ್ತೇನೆ. ಘಾಟಿನಲ್ಲಿ ಸೆಂಟು ಸಿಂಪಡಿಸುವವರಿಗೆ ಮಾತ್ರ ಬೈಯದೆ ಬಿಡುವುದಿಲ್ಲ. ಎ.ಸಿ.ಯನ್ನು ಹೊರಗಾಳಿ ಬರುವಂತೆ ಇಡುತ್ತೇನೆ.

ಅರ್ಧ ಕೆಲಸ ನನ್ನ ಕಾಲಿನಲ್ಲಿದೆ. ಸುಮಾರು ಐದು ಸೆಕೆಂಡಿಗೊಮ್ಮೆ ಆಗುವ ನಿಧಾನದ ತೂಗಾಟ ಎಲ್ಲಕ್ಕಿಂತ ಹೆಚ್ಚು ವಾಕರಿಕೆ ತರುತ್ತದೆ, ಘಾಟಿನ ಎಡ-ಬಲ ಹೆಚ್ಚುಕಮ್ಮಿ ಇದೇ ತಾಳದ್ದು. ತಿರುವಿನೊಳಗೆ ಬ್ರೇಕ್ ಒತ್ತುವುದಿಲ್ಲ. ಮೊದಲೇ ವೇಗ ಇಳಿಸಿ ಎರಡು ಅಥವಾ ಮೂರನೇ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೆ ಸಾಗುತ್ತೇನೆ, ಸ್ಟೇರಿಂಗ್ ಒಂದೇ ಎಳೆತದಲ್ಲಿ ತಿರುಗಬೇಕು, ಹೊರಬರುವಾಗ ಆಕ್ಸಿಲರೇಟರ್ ಮೆಲ್ಲಗೆ.

ಕನ್ನಡಿಯಲ್ಲಿ ಮುಖಗಳನ್ನೂ ನೋಡುತ್ತಿರಬೇಕು. ಮಾತಾಡುತ್ತಿದ್ದ ಹುಡುಗ ಸುಮ್ಮನಾಗಿ ಆಕಳಿಸಿದರೆ, ಮೇಲ್ದುಟಿಯ ಮೇಲೆ ಬೆವರಿನ ಹನಿ ಮೂಡಿ, ಮುಖ ಬಿಳಿಚಿ, ಉಗುಳು ನುಂಗತೊಡಗಿದರೆ ಹೆಚ್ಚು ಹೊತ್ತಿಲ್ಲ. ತಿರುವಲ್ಲಿ ಅಲ್ಲ, ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿ ಹತ್ತು ನಿಮಿಷ ನಡೆದಾಡಿಸಿ. ನಿಲ್ಲಿಸಲಾಗದಿದ್ದರೆ ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿಸಿ. ಕ್ಯಾರಿಬ್ಯಾಗಿಗೆ ಮೊದಲು ಊದಿ ತೂತು ನೋಡಿ, ಒಂದರೊಳಗೊಂದು ಇಟ್ಟು, ತಳಕ್ಕೆ ಹರಿದ ಪೇಪರ್ ಹಾಕಿಡಿ. ಕಿಟಕಿಯಿಂದ ತಲೆ ಹೊರಗೆ ಹಾಕಿಸಬೇಡಿ. ಎದುರು ಬರುವ ಲಾರಿಯ ಭಯ ಒಂದು ಕಡೆ, ಹಿಂದಿನ ಕಿಟಕಿಯವರ ಮೈಮೇಲೆ ಸಿಡಿಯುವುದು ಇನ್ನೊಂದು.

ವಾಂತಿಯಾದ ಕೂಡಲೇ ಗಟಗಟ ನೀರು ಕುಡಿಸಿದರೆ ಮತ್ತೆ ಬರುತ್ತದೆ. ಬಾಯಿ ಮುಕ್ಕಳಿಸಿ, ಕಾಲು ತಾಸು ಬಿಟ್ಟು ಗುಟುಕು ಗುಟುಕಾಗಿ ಓಆರ್‌ಎಸ್. ದೊಡ್ಡ ಪಾಕೀಟಾದರೆ ಒಂದು ಲೀಟರ್ ನೀರಿಗೆ.

ಸೀಟಿಗೆ ಬಿದ್ದರೆ ತಿಕ್ಕಬಾರದು, ಬಟ್ಟೆಯೊಳಗೆ ಇಳಿಯುತ್ತದೆ. ಪೇಪರಿನಿಂದ ಎತ್ತಿ ತೆಗೆದು, ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ, ಅಡಿಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಝಾಡಿಸಬೇಕು. ಫಿನಾಯಿಲ್ ಬಳಸಿದರೆ ಮರುದಿನದ ಪಾರ್ಟಿಯವರಿಗೆ ಕಲಘಟಗಿಯಲ್ಲೇ ಶುರುವಾಗುತ್ತದೆ.