ಹೈಕು ಆಪರೇಟಿಂಗ್ ಸಿಸ್ಟಂ: ವರ್ಚುವಲ್ ಯಂತ್ರದಲ್ಲಿ ಪರೀಕ್ಷಿಸುವ ಕ್ರಮ

ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಬಳಿ ಇರುವುದು ಒಂದೇ ಲ್ಯಾಪ್‌ಟಾಪ್. ಪ್ರಾಜೆಕ್ಟ್ ವರದಿ, ಪರೀಕ್ಷೆಯ ನೋಟ್ಸ್, ಮನೆಯವರ ಫೋಟೊಗಳೆಲ್ಲ ಅದರಲ್ಲೇ ಇರುವುದರಿಂದ, ಹೊಸ ಆಪರೇಟಿಂಗ್ ಸಿಸ್ಟಂ ನೋಡುವ ಆಸೆಗೆ ಅದರ ಡಿಸ್ಕ್ ವಿಭಾಗಗಳಿಗೆ ಕೈ ಹಾಕುವುದು ಸರಿಯಲ್ಲ. ಇರುವ ವಿಂಡೋಸ್‌ನೊಳಗೇ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ, ಅದು ಸೃಷ್ಟಿಸುವ ವರ್ಚುವಲ್ ಯಂತ್ರದಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ತೋರಿಕೆಯ ಕಂಪ್ಯೂಟರಿನಲ್ಲಿ, ಈ ಅಪಾಯವಿಲ್ಲದೆ ಪ್ರಯೋಗ ನಡೆಸಬಹುದು.

ಪ್ರಯೋಗಕ್ಕೆ ನಾನು ಸೂಚಿಸುವುದು ಹೈಕುವನ್ನು. ಉಬುಂಟು, ಮಿಂಟ್ ಮೊದಲಾದವು ಲಿನಕ್ಸ್ ಬಳಗದವು. ಅವುಗಳಲ್ಲಿ ಒಂದನ್ನು ಬಲ್ಲವರಿಗೆ ಇನ್ನೊಂದು ಅಷ್ಟೇನೂ ಹೊಸದೆನಿಸದು. ಹೈಕು ಹಾಗಲ್ಲ. 1990ರ ದಶಕದ ಬಿಓಎಸ್ ಎಂಬ ಆಪರೇಟಿಂಗ್ ಸಿಸ್ಟಂನ ಮಾದರಿಯಲ್ಲಿ 2001ರಲ್ಲಿ ಆರಂಭವಾದ ಈ ಯೋಜನೆಗೆ ತನ್ನದೇ ಕರ್ನಲ್ (ಯಂತ್ರಾಂಶವನ್ನು ನಿರ್ವಹಿಸುವ ಒಳತಿರುಳು), ತನ್ನದೇ ಕಡತ ವ್ಯವಸ್ಥೆ ಇವೆ. ಐದನೆಯ ಬೀಟಾ ಆವೃತ್ತಿ 2024ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಕೇವಲ 384 ಎಂಬಿ ರ‍್ಯಾಮ್ ಇದ್ದರೂ ನಡೆಯುವುದರಿಂದ ಹಳೆಯ ಲ್ಯಾಪ್‌ಟಾಪಿಗೂ ಇದು ಭಾರವಾಗುವುದಿಲ್ಲ.

ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದ ಸಿಪಿಯು ಪುಟದಲ್ಲಿ ವರ್ಚುವಲೈಸೇಷನ್ ಎಂಬುದರ ಮುಂದೆ ಎನೇಬಲ್ಡ್ ಎಂದಿದೆಯೇ ನೋಡಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಚಾಲೂ ಆಗುವಾಗ ತೆರೆಯಬಹುದಾದ ಬಯೋಸ್ ಎಂಬ ಮೂಲ ಸೆಟ್ಟಿಂಗ್‌ಗಳ ಪರದೆಗೆ ಹೋಗಿ ಅದನ್ನು ಆನ್ ಮಾಡಬೇಕು. ಬಳಿಕ ಹೈಕು ಯೋಜನೆಯ ಅಧಿಕೃತ ತಾಣದಿಂದ 64 ಬಿಟ್‌ನ ಐಎಸ್ಒ ಕಡತವನ್ನು (ಅನುಸ್ಥಾಪನೆಯ ಡಿಸ್ಕಿನ ಪೂರ್ಣ ಪ್ರತಿ) ಇಳಿಸಿಕೊಳ್ಳಿ. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರ ದಿನದ ಡೇಟಾದಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಕಾಲೇಜಿನ ವೈಫೈ ಸಿಕ್ಕರೆ ಅನುಕೂಲ.

ವರ್ಚುವಲ್‌ಬಾಕ್ಸ್‌ನಲ್ಲಿ ಹೊಸ ಯಂತ್ರ ರಚಿಸುವಾಗ ಟೈಪ್ ಎಂಬಲ್ಲಿ ಅದರ್ ಎಂದೂ ವರ್ಷನ್ ಎಂಬಲ್ಲಿ 64 ಬಿಟ್‌ನ ಅನ್‌ನೋನ್ ಎಂದೂ ಆರಿಸಿ. ಲ್ಯಾಪ್‌ಟಾಪಿನಲ್ಲಿ 4 ಜಿಬಿ ರ‍್ಯಾಮ್ ಇದ್ದರೆ ಹೈಕುವಿಗೆ 1 ಜಿಬಿ ಸಾಕು, 8 ಜಿಬಿ ಇದ್ದರೆ 2 ಜಿಬಿ ಕೊಡಬಹುದು. ವರ್ಚುವಲ್ ಡಿಸ್ಕ್ 10 ಜಿಬಿ ಇರಲಿ. ಪೂರ್ಣ ಗಾತ್ರವನ್ನು ಮೊದಲೇ ಕಾಯ್ದಿರಿಸುವ ಆಯ್ಕೆಗೆ ಗುರುತು ಹಾಕದಿದ್ದರೆ ಬಳಸಿದಷ್ಟೇ ಜಾಗ ಹಿಡಿಯುತ್ತದೆ. ಇಎಫ್ಐ (ಬಯೋಸ್‌ನ ಹೊಸ ರೂಪ) ಆಯ್ಕೆಗೂ ಗುರುತು ಹಾಕಬೇಡಿ, ಏಕೆಂದರೆ ಹಾಕಿದರೆ ಆಪರೇಟಿಂಗ್ ಸಿಸ್ಟಂ ಚಾಲೂ ಮಾಡುವ ಬೂಟ್ ಲೋಡರನ್ನು ಕೈಯಾರೆ ಬೇರೆ ವಿಭಾಗಕ್ಕೆ ನಕಲಿಸುವ ಕೆಲಸ ಹೆಚ್ಚಾಗುತ್ತದೆ. ನೆಟ್‌ವರ್ಕ್ ಅಡಾಪ್ಟರ್ ಇಂಟೆಲ್ ಪ್ರೋ/1000 ಆಗಿರಲಿ.

ಇಳಿಸಿಕೊಂಡ ಐಎಸ್ಒವನ್ನು ಸ್ಟೋರೇಜ್ ವಿಭಾಗದಲ್ಲಿ ಜೋಡಿಸಿ ಯಂತ್ರ ಚಾಲೂ ಮಾಡಿದಾಗ ಭಾಷೆ ಹಾಗೂ ಕೀಬೋರ್ಡ್ ಕೇಳುವ ಪರದೆಯಲ್ಲೇ, ಸುಮ್ಮನೆ ನೋಡುವುದೋ ಅನುಸ್ಥಾಪಿಸುವುದೋ ಎಂಬ ಆಯ್ಕೆ ಬರುತ್ತದೆ. ಅನುಸ್ಥಾಪನೆಯನ್ನು ಆರಿಸಿ, ಡಿಸ್ಕ್ ವಿಭಾಗಿಸುವ ಡ್ರೈವ್‌ಸೆಟಪ್ ತೆರೆದು, ಖಾಲಿ ಡಿಸ್ಕಿಗೆ ಇಂಟೆಲ್ ಪಾರ್ಟಿಷನ್ ಮ್ಯಾಪ್ ಬರೆದು, ಒಂದು ವಿಭಾಗ ರಚಿಸಿ ಅದನ್ನು ಆಕ್ಟಿವ್ ಎಂದು ಗುರುತಿಸಿ, ಬಿ ಫೈಲ್ ಸಿಸ್ಟಂನಲ್ಲಿ ಫಾರ್ಮ್ಯಾಟ್ ಮಾಡಿ. ಇಲ್ಲಿ ಅಳಿಸುತ್ತೇವೆಂದು ಬರುವ ಎಚ್ಚರಿಕೆ ವರ್ಚುವಲ್ ಡಿಸ್ಕಿಗಷ್ಟೇ ಸಂಬಂಧಿಸಿದ್ದು, ನಿಮ್ಮ ವಿಂಡೋಸಿಗಲ್ಲ. ಆ ವಿಭಾಗಕ್ಕೆ ಹೈಕುವಿನ ಅನುಸ್ಥಾಪನೆ ಮುಗಿದ ಮೇಲೆ ಯಂತ್ರವನ್ನು ಆಫ್ ಮಾಡಿ ಸ್ಟೋರೇಜ್ ವಿಭಾಗದಿಂದ ಐಎಸ್ಒ ತೆಗೆಯಿರಿ; ತೆಗೆಯದಿದ್ದರೆ ಅದೇ ಆರಂಭದ ಪರದೆ ಮತ್ತೆ ಬರುತ್ತದೆ. ತಕ್ಷಣವೇ ವರ್ಚುವಲ್‌ಬಾಕ್ಸ್‌ನಲ್ಲಿ ಯಂತ್ರದ ಈಗಿನ ಸ್ಥಿತಿಯ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಮುಂದೆ ಏನು ಕೆಡಿಸಿಕೊಂಡರೂ ಈ ಸ್ಥಿತಿಗೆ ಮರಳಬಹುದು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಬಳಸುವವರು, ಕರೆಂಟು ಹೋಗಿಬಂದು ಮಾಡುವ ಸಮಯದಲ್ಲಿ ಇದನ್ನು ಖಂಡಿತ ಮರೆಯಬಾರದು.

ಒಳಗೆ ಹೋದಮೇಲೆ ಮೊದಲು ಗೊಂದಲವಾಗುವುದು ಕೀಲಿಗಳಲ್ಲಿ: ನಕಲು ಮತ್ತು ಅಂಟಿಸುವಿಕೆಗೆ ಕಂಟ್ರೋಲ್ ಬದಲು ಆಲ್ಟ್ ಬಳಸಬೇಕು. ಮೌಸ್ ಒಳಗೇ ಸಿಕ್ಕಿಕೊಂಡರೆ ಬಲಗಡೆಯ ಕಂಟ್ರೋಲ್ ಒತ್ತಿ ಹೊರಗೆ ತನ್ನಿ. ಹೈಕುವಿನ ಸೊಗಸು ತಿಳಿಯಬೇಕಾದರೆ ಅದರ ಪಠ್ಯ ಸಂಪಾದಕವಾದ ಸ್ಟೈಲ್ಡ್‌ಎಡಿಟ್‌ನಲ್ಲಿ ಎರಡು ಕಡತ ತೆರೆದು, ವಿಂಡೋಸ್ ಕೀಲಿ ಹಿಡಿದು, ಒಂದು ಕಿಟಕಿಯ ಹಳದಿ ಪಟ್ಟಿಯನ್ನು ಇನ್ನೊಂದರ ಪಟ್ಟಿಯ ಮೇಲೆ ಎಳೆದು ಬಿಡಿ. ಎರಡೂ ಒಂದೇ ಚೌಕಟ್ಟಿನಲ್ಲಿ ಟ್ಯಾಬ್‌ಗಳಾಗಿ ಕೂಡಿಕೊಳ್ಳುತ್ತವೆ. ಪಟ್ಟಿಯ ಬದಲು ಅಂಚಿಗೆ ಅಂಚು ತಾಗಿಸಿದರೆ ಪಕ್ಕಪಕ್ಕದಲ್ಲಿ ನಿಂತು ಒಟ್ಟಿಗೇ ಚಲಿಸುತ್ತವೆ. ಬೇರೆ ಬೇರೆ ತಂತ್ರಾಂಶಗಳ ಕಿಟಕಿಗಳನ್ನೂ ಹೀಗೆ ಜೋಡಿಸಬಹುದು ಎಂಬುದೇ ಇದರ ವಿಶೇಷ. ವೆಬ್‌ಪಾಸಿಟಿವ್ ಬ್ರೌಸರಿನಲ್ಲಿ ಒಂದು ಕನ್ನಡ ಪುಟ ತೆರೆದು ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆಯೇ ಎಂದೂ ನೋಡಿ. ನಮಗೆ ಇದು ಸಣ್ಣ ವಿಷಯವಲ್ಲ. ಬೇಕಾದ ತಂತ್ರಾಂಶಗಳು ಹೈಕುಡಿಪೊದಲ್ಲಿ ಸಿಗುತ್ತವೆ.

ಇಷ್ಟಾದರೂ ವರ್ಚುವಲ್ ಯಂತ್ರ ಹೇಳುವುದು ಅರ್ಧ ಮಾತು. ಹೈಕು ನಿಮಗೆ ಒಗ್ಗುತ್ತದೆಯೇ ಎಂಬುದು ಇಲ್ಲಿ ತಿಳಿಯುತ್ತದೆ, ನಿಮ್ಮ ಲ್ಯಾಪ್‌ಟಾಪಿಗೆ ಒಗ್ಗುತ್ತದೆಯೇ ಎಂಬುದು ತಿಳಿಯುವುದಿಲ್ಲ. ಏಕೆಂದರೆ ಹೈಕುವಿಗೆ ಇಲ್ಲಿ ಕಾಣುವ ನೆಟ್‌ವರ್ಕ್ ಕಾರ್ಡ್, ಪರದೆ, ಧ್ವನಿ ಎಲ್ಲವೂ ವರ್ಚುವಲ್‌ಬಾಕ್ಸ್ ಸೃಷ್ಟಿಸಿದವು. ಅದಕ್ಕಾಗಿ ಅದೇ ಐಎಸ್ಒವನ್ನು ಖಾಲಿ ಪೆನ್‌ಡ್ರೈವ್‌ಗೆ ಬರೆದು, ಅದರಿಂದ ಲ್ಯಾಪ್‌ಟಾಪ್ ಬೂಟ್ ಮಾಡಿ, ಅನುಸ್ಥಾಪಿಸದೆ ಸುಮ್ಮನೆ ನೋಡುವ ಆಯ್ಕೆಯಲ್ಲಿ ವೈಫೈ, ಸ್ಪೀಕರ್, ಟಚ್‌ಪ್ಯಾಡ್‌ಗಳನ್ನು ಪರೀಕ್ಷಿಸಬೇಕು. ಸಾಕೆನಿಸಿದಾಗ ವರ್ಚುವಲ್‌ಬಾಕ್ಸ್‌ನ ಪಟ್ಟಿಯಲ್ಲಿ ಯಂತ್ರದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ರಿಮೂವ್ ಆರಿಸಿ, ಎಲ್ಲ ಕಡತಗಳನ್ನೂ ಅಳಿಸುವ ಆಯ್ಕೆ ಕೊಡಿ. ಬರೀ ಪಟ್ಟಿಯಿಂದ ತೆಗೆದರೆ ವರ್ಚುವಲ್ ಡಿಸ್ಕಿನ ಕಡತ ಜಾಗ ಹಿಡಿದುಕೊಂಡೇ ಉಳಿಯುತ್ತದೆ.