ಜಗಲಿಗೆ ಬಂದ ಸೊಪ್ಪುಗಳು

ನನ್ನ ತಂಗಿಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾದ ವಾರದೊಳಗೆ ನಮ್ಮ ಜಗಲಿ ಸೊಪ್ಪಿನ ಅಂಗಡಿಯಾಯಿತು. ಒಬ್ಬರು ಲಕ್ಷ್ಮಣಫಲದ ಎಲೆ ತಂದರು, ಇನ್ನೊಬ್ಬರು ಅಮೃತಬಳ್ಳಿ, ಮತ್ತೊಬ್ಬರು ಗೋಧಿಹುಲ್ಲಿನ ರಸ. ಬರಿಗೈಯಲ್ಲಿ ಬಂದವರು ಮೊಬೈಲ್ ತೆಗೆದು ವಿಡಿಯೊ ತೋರಿಸಿದರು. ಎಲ್ಲರೂ ತಂದದ್ದು ಪ್ರೀತಿಯಿಂದಲೇ. ಆದರೆ ಪ್ರೀತಿಯಿಂದ ಕುದಿಸಿದ ಮಾತ್ರಕ್ಕೆ ಕಷಾಯ ಔಷಧವಾಗುವುದಿಲ್ಲ.

ಎಲ್ಲರ ಅಡುಗೆಮನೆಯ ಅರಿಶಿನವನ್ನೇ ನೋಡಿ. ಅದರ ಹಳದಿಗೆ ಕಾರಣವಾದ ಕರ್ಕ್ಯುಮಿನ್, ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಉರಿಯೂತವನ್ನು ತಗ್ಗಿಸುತ್ತದೆ, ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನೂ ತಡೆಯುತ್ತದೆ. ಆದರೆ ಗಾಜಿನ ತಟ್ಟೆಗೆ ಹೊಟ್ಟೆಯಿಲ್ಲ, ಯಕೃತ್ತಿಲ್ಲ. ನೂರು ಗ್ರಾಂ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಮೂರು ಗ್ರಾಂ. ಅದರಲ್ಲಿ ರಕ್ತಕ್ಕೆ ಸೇರುವುದು ತೀರ ಅಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಕೆಲವು ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್, ಅಂದರೆ ಕಾಳುಮೆಣಸಿನ ಖಾರದ ಅಂಶ, ಕೊಟ್ಟು ನೋಡಿದರು. ರಕ್ತ ಸೇರುವ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಹೆಚ್ಚಿತ್ತು. ಆದ್ದರಿಂದ ಅರಿಶಿನದ ಹಾಲು ಕಾಯಿಸುವಾಗ ಎರಡು ಕಾಳುಮೆಣಸು ಕುಟ್ಟಿ ಹಾಕಿ, ಅರ್ಧ ಚಮಚ ತುಪ್ಪ ಬಿಡಿ. ಕರ್ಕ್ಯುಮಿನ್ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಒಗ್ಗರಣೆಯ ಎಣ್ಣೆಗೆ ಅರಿಶಿನ ಹಾಕುತ್ತಿದ್ದ ಅಮ್ಮನಿಗೆ ಈ ಲೆಕ್ಕವೆಲ್ಲ ಗೊತ್ತಿರಲಿಲ್ಲ, ಕೈ ಮಾತ್ರ ಸರಿಯಾದ ಕಡೆಗೇ ಹೋಗುತ್ತಿತ್ತು.

ಅಷ್ಟಕ್ಕೇ ನಿಲ್ಲಿಸಿ. ಪೈಪರೀನ್ ಯಕೃತ್ತಿನ ಕೆಲಸವನ್ನು ನಿಧಾನಗೊಳಿಸುವುದರಿಂದಲೇ ಕರ್ಕ್ಯುಮಿನ್ ದೇಹದಲ್ಲಿ ಉಳಿಯುವುದು. ಹಾಗೆಯೇ ಬೇರೆ ಮಾತ್ರೆಗಳೂ ದೇಹದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಉಳಿದುಬಿಡಬಹುದು. ಸಾರಿನಲ್ಲಿರುವ ಚಿಟಿಕೆ ಅರಿಶಿನ ಬೇರೆ, ಗ್ರಾಂಗಟ್ಟಲೆ ಸಾರ ತುಂಬಿದ ಕ್ಯಾಪ್ಸೂಲ್ ಬೇರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಂತೂ ವೈದ್ಯರನ್ನು ಕೇಳದೆ ಅದರ ತಂಟೆಗೆ ಹೋಗಬಾರದು. ಅಮೃತಬಳ್ಳಿಯನ್ನೂ ನಾವು ಕೊರೋನಾ ಕಾಲದಲ್ಲಿ ಲೋಟಗಟ್ಟಲೆ ಕುಡಿದೆವು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಸೇವಿಸಿದ್ದ ಆರು ಮಂದಿಯ ಯಕೃತ್ತಿಗೆ ಹಾನಿಯಾದದ್ದನ್ನು ವರದಿ ಮಾಡಿದರು.

ಹಾಗಾದರೆ ಗಿಡದಲ್ಲಿ ಕ್ಯಾನ್ಸರಿಗೆ ಮದ್ದೇ ಇಲ್ಲವೇ? ಇದೆ, ನಿಮ್ಮ ಅಂಗಳದಲ್ಲೇ ಇರಬಹುದು. ದೇವರಿಗೆ ಕೊಯ್ಯುವ ನಿತ್ಯಪುಷ್ಪದ ತವರು ಮಡಗಾಸ್ಕರ್. ಜಮೈಕಾದಲ್ಲಿ ಮಧುಮೇಹಕ್ಕೆ ಅದರ ಎಲೆಯ ಕಷಾಯ ಕುಡಿಯುತ್ತಾರೆಂದು ಕೇಳಿ ಕೆನಡಾದ ವಿಜ್ಞಾನಿ ರಾಬರ್ಟ್ ನೋಬಲ್ ಅದನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ರಕ್ತದ ಬಿಳಿಕಣಗಳು ಇಳಿದವು, ಇಲಿಗಳು ಸೋಂಕು ತಗುಲಿ ಸತ್ತವು. ಬಿಳಿಕಣ ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದು ಒದಗೀತು ಎಂದು ಹೊಳೆದದ್ದು ಆಗ. 1958ರಲ್ಲಿ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಆ ಎಲೆಯಿಂದ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧವನ್ನು ಬೇರ್ಪಡಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಮುಖ್ಯ ಔಷಧ. ಕೊಡುವುದು ರಕ್ತನಾಳಕ್ಕೆ ಮಾತ್ರ, ಅದೂ ಒಮ್ಮೆಗೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರದಂತೆ. ಇಲಿಯನ್ನು ಕೊಂದದ್ದೇ ಅಳತೆಗೆ ಸಿಕ್ಕಾಗ ಮಗುವನ್ನು ಉಳಿಸಿತು. ನಮ್ಮ ಒಲೆಯ ಮೇಲಿನ ಪಾತ್ರೆಗೆ ಆ ಅಳತೆ ಬಾರದು, ಆ ಎಲೆ ಹಾಗೆಯೇ ತಿಂದರೆ ವಿಷ. ಹೂವು ದೇವರಿಗಿರಲಿ, ಎಲೆ ಗಿಡದಲ್ಲೇ ಇರಲಿ.

ಕಿಮೊ, ಅಂದರೆ ಇಂಥ ಔಷಧಗಳ ಚಿಕಿತ್ಸೆ, ನಡೆಯುವಾಗ ಮನೆಯವರು ಮಾಡಬಹುದಾದದ್ದೂ ಇದೆ. ಬಿಳಿಕಣ ಕುಸಿದ ದಿನಗಳಲ್ಲಿ ಹಸಿ ಸೊಪ್ಪಿನ ರಸ, ಗೋಧಿಹುಲ್ಲಿನ ರಸ ಬೇಡ. ತೊಳೆದರೂ ಹೋಗದ ಸೂಕ್ಷ್ಮಾಣು ಸಾಕು ಜ್ವರ ಬರಿಸಲು. ಒಂದೆಲಗವನ್ನೂ ಬೇಯಿಸದೆ ತಂಬುಳಿ ಮಾಡಬೇಡಿ. ವಾಕರಿಕೆಗೆ ಶುಂಠಿ ಒಗ್ಗುತ್ತದೆಯೇ ಎಂದು ವೈದ್ಯರನ್ನು ಕೇಳಿ, ಹೂಂ ಎಂದರೆ ಸಣ್ಣ ತುಂಡು ಜಜ್ಜಿ ಕುದಿಸಿ ಗುಟುಕು ಗುಟುಕಾಗಿ ಕೊಡಿ. ಹೊರಗಿನಿಂದ ಬಂದ ಪ್ರತಿಯೊಂದು ಚೂರ್ಣ, ಲೇಹ್ಯ, ಕಷಾಯದ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ತಂಗಿಯ ಪುಸ್ತಕದಲ್ಲಿ ಹದಿನಾಲ್ಕು ಹೆಸರುಗಳಿದ್ದವು. ವೈದ್ಯರು ಹನ್ನೆರಡಕ್ಕೆ ಗೆರೆ ಎಳೆದರು. ಬಯ್ದಾರು ಎಂದು ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತೋ.

ಇನ್ನು, ಗಿಡದಿಂದ ಬಂದದ್ದೆಲ್ಲ ಒಳ್ಳೆಯದು ಎನ್ನುವವರಿಗೆ ಅಡಿಕೆ ತೋಟದ ಮನೆಯವಳೇ ಹೇಳುತ್ತೇನೆ. ಅಡಿಕೆಯೂ ಗಿಡದ್ದೇ. ತಂಬಾಕು ಸೇರಿಸದಿದ್ದರೂ ಅದು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಬರೆಯಲು ಸಂಕಟವಾಗುತ್ತದೆ, ನಮ್ಮ ಅನ್ನವೂ ಅದರಿಂದಲೇ. ಮಾವನವರ ಕಾಲದ ಎಲೆಯಡಿಕೆಯ ಹಿತ್ತಾಳೆ ಹರಿವಾಣವನ್ನು ಜಗಲಿಯಿಂದ ತೆಗೆದು ಒಳಗಿಟ್ಟಿದ್ದೇನೆ. ಬಂದವರಿಗೆ ಈಗ ಬೆಲ್ಲ, ನೀರು.